ಬಲೆಯ ಬಳಿಯ ಆಟಗಾರ

ಆಟ ನೋಡಲು ಬಂದವರ ಕಣ್ಣು ಸಾಮಾನ್ಯವಾಗಿ ಕೊನೆಯ ಹೊಡೆತದ ಮೇಲೆ ನೆಲೆಸುತ್ತದೆ. ಅಂಕಣದ ಹಿಂಭಾಗದಿಂದ ಒಬ್ಬನು ಮೇಲಕ್ಕೆ ನೆಗೆದು, ರಾಕೆಟ್ಟನ್ನು ಬೀಸಿ, ಎದುರಾಳಿಯ ಕಾಲ ಬುಡಕ್ಕೆ ಷಟಲನ್ನು ಅಪ್ಪಳಿಸಿದರೆ ಚಪ್ಪಾಳೆಯೆಲ್ಲ ಅವನಿಗೆ. ಆ ಷಟಲು ಅವನಿಗೆ ಬೇಕಾದ ಎತ್ತರಕ್ಕೆ, ಬೇಕಾದ ಜಾಗಕ್ಕೆ ಹೇಗೆ ಬಂದಿತು ಎಂದು ಯೋಚಿಸುವವರು ವಿರಳ. ಮದುವೆಯ ಮನೆಯಲ್ಲಿ ಬಡಿಸಿದವನ ಮುಖ ಎಲ್ಲರಿಗೂ ನೆನಪಿರುತ್ತದೆ. ಒಲೆಯ ಮುಂದೆ ಬೆವರು ಸುರಿಸಿದವನ ಹೆಸರು ಯಾರಿಗೂ ತಿಳಿದಿರುವುದಿಲ್ಲ. ಇಬ್ಬರು ಜೊತೆಗೂಡಿ ಆಡುವ ಡಬಲ್ಸ್ ಬ್ಯಾಡ್ಮಿಂಟನ್ನಿನಲ್ಲಿ ಇಂತಹ ಅನ್ಯಾಯ ದಿನನಿತ್ಯವೂ ನಡೆಯುತ್ತದೆ. ಅದು ಎಷ್ಟು ದೊಡ್ಡದೆಂಬುದನ್ನು ತಿಳಿಯಬೇಕಾದರೆ ಇಂಡೊನೇಷ್ಯದ ಹೆಂಡ್ರಾ ಸೆಟಿಯಾವಾನ್ ಅವರ ಆಟದ ಬದುಕನ್ನು ಗಮನವಿಟ್ಟು ನೋಡಬೇಕು.

ಕನ್ನಡಿಗರಿಗೆ ಇಂಡೊನೇಷ್ಯದ ಬ್ಯಾಡ್ಮಿಂಟನ್ ಹೊಸದೇನಲ್ಲ. 1980ರಲ್ಲಿ ಪ್ರಕಾಶ್ ಪಡುಕೋಣೆಯವರು ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದಾಗ ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಆ ದೇಶದ ಲಿಯೆಮ್ ಸ್ವೀ ಕಿಂಗ್ ಅವರನ್ನು. ಕ್ರಿಕೆಟ್ಟಿಗೆ ಭಾರತದಲ್ಲಿ ಇರುವ ಸ್ಥಾನ ಅಲ್ಲಿ ಬ್ಯಾಡ್ಮಿಂಟನ್ನಿಗೆ ಇದೆ. 1992ರಲ್ಲಿ ಬಾರ್ಸಿಲೋನಾದಲ್ಲಿ ಈ ಆಟ ಒಲಿಂಪಿಕ್ಸಿನ ಪದಕದ ಪಟ್ಟಿಗೆ ಸೇರಿದಾಗ ಇಂಡೊನೇಷ್ಯದ ಸೂಸಿ ಸುಸಾಂತಿ ಹಾಗೂ ಅಲನ್ ಬುಡಿಕುಸುಮ ಅವರು ಮಹಿಳೆಯರ ಮತ್ತು ಪುರುಷರ ಸಿಂಗಲ್ಸ್ ಚಿನ್ನಗಳನ್ನು ತಂದುಕೊಟ್ಟರು. ಗಮನಿಸಬೇಕಾದುದು ಅದರ ಮುಂದಿನ ಕಥೆ. 1996 ಮತ್ತು 2000ದ ಒಲಿಂಪಿಕ್ಸ್‌ಗಳಲ್ಲಿ ಆ ದೇಶಕ್ಕೆ ದೊರೆತ ಚಿನ್ನಗಳು ಪುರುಷರ ಡಬಲ್ಸಿನಿಂದ ಬಂದವು. ಅಲ್ಲಿನ ಜನ ಡಬಲ್ಸನ್ನು ಎರಡನೆಯ ದರ್ಜೆಯ ಆಟವೆಂದು ಎಣಿಸಲಿಲ್ಲ. ಸಿಂಗಲ್ಸಿನಲ್ಲಿ ಸೋತವರು ಸೇರಿಕೊಳ್ಳುವ ಛತ್ರವಾಗಿ ಅದನ್ನು ಅವರು ಎಂದೂ ಕಾಣಲಿಲ್ಲ.

ಹೆಂಡ್ರಾ ಅವರು ಜಾವಾ ದ್ವೀಪದ ಉತ್ತರ ಕರಾವಳಿಯ ಪೆಮಾಲಾಂಗ್ ಎಂಬಲ್ಲಿ 1984ರ ಆಗಸ್ಟ್ 25ರಂದು, ಚೀನೀ ಮೂಲದ ಮನೆತನವೊಂದರಲ್ಲಿ ಜನಿಸಿದರು. ಆಟದ ಸಲುವಾಗಿ ಜಕಾರ್ತಾ ನಗರದ ಜಯರಾಯ ಎಂಬ ಸಂಘವನ್ನು ಸೇರಿದರು. ಅವರಿಗೆ ಜೊತೆಗಾರರಾಗಿ ದೊರೆತವರು ಅದೇ ವರ್ಷ ಅದೇ ತಿಂಗಳು ಹುಟ್ಟಿದ, ಇವರಿಗಿಂತ ಎರಡು ವಾರ ಮಾತ್ರ ಹಿರಿಯರಾದ ಮಾರ್ಕಿಸ್ ಕೀಡೊ. ಕೀಡೊ ಅವರದು ಗಿಡ್ಡ ದೇಹ; ಆದರೆ ಹಿಂಭಾಗದಿಂದ ನೆಗೆದು ಹೊಡೆದರೆ ಷಟಲು ಸಿಡಿಗುಂಡಿನಂತೆ ಹೋಗುತ್ತಿತ್ತು. ಹೆಂಡ್ರಾ ಅವರು ಬಲೆಯ ಬಳಿ ನಿಲ್ಲುತ್ತಿದ್ದರು. ಗೆದ್ದಾಗ ಕೂಗಾಡಿದವರಲ್ಲ, ಸೋತಾಗ ರಾಕೆಟ್ಟನ್ನು ಎಸೆದವರೂ ಅಲ್ಲ. ಅಂಕ ಬಂದಿತೋ ಹೋಯಿತೋ ಅವರ ಮುಖ ನೋಡಿ ಹೇಳುವಂತಿರಲಿಲ್ಲ.

ಇಲ್ಲಿ ಡಬಲ್ಸ್ ಆಟದ ಒಳಗುಟ್ಟನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಇಲ್ಲದಿದ್ದರೆ ಬಲೆಯ ಬಳಿ ನಿಂತವರ ಕೆಲಸವೇನೆಂಬುದು ಅರ್ಥವಾಗದು. ಅಂಕಣದ ಉದ್ದ 13.4 ಮೀಟರ್, ಡಬಲ್ಸಿಗೆ ಅಗಲ 6.1 ಮೀಟರ್. ಸಿಂಗಲ್ಸಿಗಿಂತ ಅಗಲ ಒಂದು ಮೀಟರಿನಷ್ಟೂ ಹೆಚ್ಚಿಲ್ಲ, ಆದರೆ ಆಡುವವರು ಇಮ್ಮಡಿ. ಆದ್ದರಿಂದ ಖಾಲಿ ಜಾಗವೆಂಬುದು ತಾನಾಗಿ ಸಿಕ್ಕುವುದಿಲ್ಲ, ಅದನ್ನು ಸೃಷ್ಟಿಸಿಕೊಳ್ಳಬೇಕು. ದಾಳಿ ಮಾಡುವ ಜೋಡಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ರಕ್ಷಣೆಗೆ ಇಳಿದ ಜೋಡಿ ಅಕ್ಕಪಕ್ಕ ನಿಲ್ಲುತ್ತಾರೆ. ಷಟಲನ್ನು ಯಾರು ಮೇಲಕ್ಕೆ ಎತ್ತಿಕೊಡುತ್ತಾರೋ ಅವರು ರಕ್ಷಣೆಗೆ ಇಳಿದಂತೆ. ಯಾರಿಗೆ ಅದು ಮೇಲಿನಿಂದ ಸಿಕ್ಕುತ್ತದೋ ಅವರದು ದಾಳಿ. ಹೀಗಾಗಿ ಆಟದ ಮೊದಲ ಎರಡು ಮೂರು ಹೊಡೆತಗಳೆಲ್ಲ ಒಂದೇ ಪ್ರಶ್ನೆಯನ್ನು ಕುರಿತವು: ಎತ್ತಿಕೊಡುವವರು ಯಾರು?

ಈ ಪ್ರಶ್ನೆಗೆ ಉತ್ತರ ನಿರ್ಧಾರವಾಗುವುದು ಬಲೆಯ ಬಳಿ. ಬಲೆಯ ನಡುವಿನ ಎತ್ತರ 1.524 ಮೀಟರ್. ಸರ್ವ್ ಮಾಡುವವರು ಷಟಲನ್ನು ಬಲೆಯ ಅಂಚನ್ನು ಸವರಿದಂತೆ ದಾಟಿಸಿ, ಬಲೆಯಿಂದ 1.98 ಮೀಟರ್ ದೂರದ ಗೆರೆಯ ಮೇಲೆಯೇ ಇಳಿಯುವಂತೆ ಕಳುಹಿಸಬೇಕು. ಅದು ನಾಲ್ಕು ಬೆರಳು ಮೇಲೆದ್ದರೆ ಎದುರಾಳಿ ಮುನ್ನುಗ್ಗಿ ಬಾರಿಸಿಬಿಡುತ್ತಾನೆ. ನಾಲ್ಕು ಬೆರಳು ತಗ್ಗಿದರೆ ಬಲೆಗೆ ಸಿಕ್ಕಿ ಅಂಕ ಹೋಗುತ್ತದೆ. ಹದಿನಾರು ಗರಿಗಳ, ಐದು ಗ್ರಾಮಿನ ಆಸುಪಾಸಿನ ತೂಕದ ಆ ಪುಟ್ಟ ವಸ್ತುವನ್ನು ಇಷ್ಟು ಸೂಕ್ಷ್ಮವಾಗಿ, ಒಂದು ಪಂದ್ಯದಲ್ಲಿ ಹತ್ತಾರು ಸಲ, ಸಾವಿರಾರು ಜನರ ಕೂಗಿನ ನಡುವೆ ಕಳುಹಿಸುವುದು ಸಾಮಾನ್ಯ ವಿದ್ಯೆಯಲ್ಲ. ಅನಂತರ ಬರುವ ಹೊಡೆತವನ್ನು ಬಲೆಯ ಬಳಿಯಲ್ಲೇ ತಡೆದು, ಎದುರಾಳಿಗಳಿಬ್ಬರ ನಡುವೆಯೋ ಪಕ್ಕದ ಗೆರೆಯ ಹತ್ತಿರವೋ ಮೆಲ್ಲನೆ ಜಾರಿಸಬೇಕು. ಆಗ ಅವರು ಬೇರೆ ದಾರಿಯಿಲ್ಲದೆ ಷಟಲನ್ನು ಎತ್ತುತ್ತಾರೆ. ಹಿಂದೆ ಕಾದು ನಿಂತ ಜೊತೆಗಾರ ನೆಗೆಯುವುದು ಆಗ. ಹೆಂಡ್ರಾ ಅವರ ವಿದ್ಯೆ ಇದೇ ಆಗಿತ್ತು. ಅವರು ಓಡಿದ್ದನ್ನು ಯಾರೂ ಹೆಚ್ಚಾಗಿ ಕಾಣಲಿಲ್ಲ; ಷಟಲು ಬರುವ ಹೊತ್ತಿಗೆ ಅವರು ಅಲ್ಲಿ ನಿಂತಿರುತ್ತಿದ್ದರು, ಅಷ್ಟೆ. ಎದುರಾಳಿಯ ಭುಜ, ರಾಕೆಟ್ಟಿನ ಓರೆ, ಪಾದದ ತಿರುವು ಇವುಗಳಿಂದ ಮುಂದಿನ ಹೊಡೆತವನ್ನು ಓದಿಕೊಳ್ಳುವ ಶಕ್ತಿ ಅವರಿಗಿತ್ತು.

ಕಾಲವೂ ಅವರಿಗೆ ಅನುಕೂಲವಾಗಿ ಒದಗಿತು. ಹಿಂದೆ ಸರ್ವ್ ಮಾಡಿದ ಪಕ್ಷಕ್ಕೆ ಮಾತ್ರ ಅಂಕ ಗಳಿಸುವ ಅವಕಾಶವಿತ್ತು. 2006ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು, ಪ್ರತಿ ಸರದಿಗೂ ಯಾರಾದರೊಬ್ಬರಿಗೆ ಅಂಕ ಸಲ್ಲುವ 21 ಅಂಕಗಳ ಪದ್ಧತಿಯನ್ನು ಜಾರಿಗೆ ತಂದರು. ಅಂದಿನಿಂದ ಸರ್ವ್‌ನಲ್ಲಿ ಆದ ಒಂದು ಚಿಕ್ಕ ತಪ್ಪಿಗೂ ಬೆಲೆ ತೆರಬೇಕಾಯಿತು. ಹೊಸ ಪದ್ಧತಿ ಬಂದ ಮರುವರ್ಷವೇ, 2007ರಲ್ಲಿ, ಕ್ವಾಲಾಲಂಪುರದಲ್ಲಿ ಕೀಡೊ ಮತ್ತು ಹೆಂಡ್ರಾ ವಿಶ್ವ ಚಾಂಪಿಯನ್ನರಾದರು. ಕೊರಿಯಾದ ಜೋಡಿಯ ಎದುರು ಎರಡು ಆಟಗಳೂ 21–19ರಲ್ಲಿ ಮುಗಿದವು. 2008ರ ಬೀಜಿಂಗ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದವರು ಚೀನಾದ ಕಾಯ್ ಯುನ್ ಮತ್ತು ಫು ಹೈಫೆಂಗ್. ಅವರದೇ ನೆಲ, ಅವರದೇ ಜನ. ಮೊದಲ ಆಟವನ್ನು 12–21ರಿಂದ ಕಳೆದುಕೊಂಡ ಇಂಡೊನೇಷ್ಯದ ತರುಣರು ಮುಂದಿನ ಎರಡನ್ನು 21–11, 21–16ರಿಂದ ಗೆದ್ದು ಚಿನ್ನದ ಪದಕವನ್ನು ತಮ್ಮದಾಗಿಸಿಕೊಂಡರು. ಆಗ ಕೀಡೊ ಅವರಿಗೆ ವಯಸ್ಸು ಇಪ್ಪತ್ತನಾಲ್ಕು, ಹೆಂಡ್ರಾ ಅವರಿಗೆ ಇಪ್ಪತ್ತಮೂರು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಕೀಡೊ ಅವರಂತಹ ಸಿಡಿಲಿನ ಹೊಡೆತ ಬೆನ್ನ ಹಿಂದಿದ್ದರೆ ಮುಂದೆ ಯಾರು ನಿಂತರೂ ಗೆಲ್ಲಬಹುದಲ್ಲವೇ ಎಂದು ಕೇಳುವವರುಂಟು. ಕೇವಲ ಮಾತಿನಿಂದ ಇದಕ್ಕೆ ಉತ್ತರ ಹೇಳಲಾಗದು. ಎರಡು ಎತ್ತುಗಳ ಪೈಕಿ ಗಾಡಿಯನ್ನು ಎಳೆದದ್ದು ಯಾವುದು ಎಂದು ತಿಳಿಯಬೇಕಾದರೆ ಒಂದನ್ನು ಬಿಚ್ಚಿ ಬೇರೆಯದನ್ನು ಕಟ್ಟಿ ನೋಡಬೇಕಾಗುತ್ತದೆ. ಹೆಂಡ್ರಾ ಅವರ ಬದುಕಿನಲ್ಲಿ ಆ ಪರೀಕ್ಷೆ ನಡೆಯಿತು, ಅದೂ ಎರಡು ಸಲ.

2009ರ ನಂತರ ಈ ಜೋಡಿ ರಾಷ್ಟ್ರೀಯ ತರಬೇತಿ ಕೇಂದ್ರವನ್ನು ಬಿಟ್ಟು ಸ್ವತಂತ್ರವಾಗಿ ಆಡತೊಡಗಿತು. 2010ರಲ್ಲಿ ಗುವಾಂಗ್‌ಜೌ ಏಷ್ಯನ್ ಕ್ರೀಡೆಗಳ ಚಿನ್ನ ಬಂದಿತಾದರೂ ಹಳೆಯ ಕಳೆ ಕ್ರಮೇಣ ಕುಂದಿತು. 2012ರ ಲಂಡನ್ ಒಲಿಂಪಿಕ್ಸಿಗೆ ಅವರಿಗೆ ಅರ್ಹತೆಯೇ ದೊರೆಯಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಹೆಂಡ್ರಾ ಅವರು ಮೊಹಮ್ಮದ್ ಅಹ್ಸಾನ್ ಅವರ ಜೊತೆಗೂಡಿದರು. ಅಹ್ಸಾನ್ ಸುಮಾತ್ರಾದ ಪಾಲೆಂಬಾಂಗ್ ನಗರದವರು, ಮೂರು ವರ್ಷ ಕಿರಿಯರು. ಅವರ ಹಿಂದಿನ ಜೊತೆಗಾರರು ಬೋನಾ ಸೆಪ್ಟಾನೊ, ಅಂದರೆ ಕೀಡೊ ಅವರ ಸ್ವಂತ ತಮ್ಮ! ಹೊಸ ಜೋಡಿಗೆ ಕಾಲಾವಕಾಶವೇ ಬೇಕಾಗಲಿಲ್ಲ. 2013ರಲ್ಲಿ ಗುವಾಂಗ್‌ಜೌದಲ್ಲಿ ವಿಶ್ವ ಪ್ರಶಸ್ತಿ, 2014ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಹಾಗೂ ಇಂಚಿಯಾನ್ ಏಷ್ಯನ್ ಕ್ರೀಡೆಗಳ ಚಿನ್ನ, 2015ರಲ್ಲಿ ಸ್ವದೇಶದ ಜಕಾರ್ತಾದಲ್ಲಿ ಮತ್ತೊಂದು ವಿಶ್ವ ಪ್ರಶಸ್ತಿ. ಕೀಡೊ ಅವರೊಂದಿಗೆ ವಿಶ್ವ ಶ್ರೇಯಾಂಕದಲ್ಲಿ ಮೊದಲ ಸ್ಥಾನಕ್ಕೇರಿದ್ದ ಹೆಂಡ್ರಾ ಅವರು ಅಹ್ಸಾನ್ ಅವರೊಂದಿಗೂ ಅದೇ ಸ್ಥಾನಕ್ಕೇರಿದರು. ಹಿಂದೆ ನಿಂತು ಬಾರಿಸುವವರು ಬದಲಾದರು. ಮುಂದೆ ನಿಂತವರು ಬದಲಾಗಲಿಲ್ಲ.

ಎರಡನೆಯ ಪರೀಕ್ಷೆ ಇಷ್ಟು ಸಿಹಿಯಾಗಿರಲಿಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಈ ಜೋಡಿ ಗುಂಪಿನ ಹಂತದಲ್ಲಿಯೇ ಹೊರಬಿದ್ದಿತು. ಅನಂತರ ಇಬ್ಬರೂ ಬೇರೆಯಾದರು. ಹೆಂಡ್ರಾ ಅವರು ಮಲೇಷ್ಯಾದ ಎಡಗೈ ಆಟಗಾರ ತಾನ್ ಬೂನ್ ಹಿಯಾಂಗ್ ಅವರೊಡನೆ ಆಡಿದರು. ತಾನ್ ಅವರ ಹೊಡೆತ ಎಂತಹುದೆಂದರೆ, 2013ರಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ಅವರ ಸ್ಮ್ಯಾಷಿನ ವೇಗ ಗಂಟೆಗೆ 493 ಕಿಲೋಮೀಟರ್ ಎಂದು ಅಳೆದು ಗಿನ್ನೆಸ್ ದಾಖಲೆಯ ಪುಸ್ತಕಕ್ಕೆ ಸೇರಿಸಲಾಗಿತ್ತು. ಅತ್ಯಂತ ಚತುರ ಕೈ ಮುಂದೆ, ಅತ್ಯಂತ ವೇಗದ ಹೊಡೆತ ಹಿಂದೆ: ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಇರಲಾರದು. ಆದರೂ 2017ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ ಅಂತಿಮ ಪಂದ್ಯದವರೆಗೆ ಹೋದದ್ದೇ ಅವರ ಮುಖ್ಯ ಸಾಧನೆಯಾಯಿತು; ದೊಡ್ಡ ಪ್ರಶಸ್ತಿ ಬರಲಿಲ್ಲ. ಅದೇ ವರ್ಷ ಅಹ್ಸಾನ್ ಅವರು ಬೇರೊಬ್ಬ ಕಿರಿಯ ಜೊತೆಗಾರನೊಡನೆ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ತಲುಪಿ ಸೋತರು. ಹೆಂಡ್ರಾ ಅವರನ್ನು ಮೆಚ್ಚುವವರು ಈ ಭಾಗವನ್ನು ಮುಚ್ಚಿಡಬಾರದು. ಯಾರನ್ನು ಕಟ್ಟಿದರೂ ಗಾಡಿ ಎಳೆಯಬಲ್ಲ ಮಾಂತ್ರಿಕರು ಅವರಾಗಿರಲಿಲ್ಲ. ಬಲೆಯ ಬಳಿಯ ವಿದ್ಯೆಗೂ ತನ್ನನ್ನು ಅರಿತ ಜೊತೆಗಾರ ಬೇಕು; ಹಿಂದಿನಿಂದ ಬರುವ ಹೊಡೆತದ ಬಲವೊಂದೇ ಅದಕ್ಕೆ ಸಾಲದು. ಹಾಗೆಯೇ, 493 ಕಿಲೋಮೀಟರ್ ವೇಗವೂ ತನ್ನಷ್ಟಕ್ಕೆ ಪ್ರಶಸ್ತಿಯನ್ನು ತಂದುಕೊಡಲಿಲ್ಲ. ಸ್ಮ್ಯಾಷಿನ ವೇಗವನ್ನು ಅಳೆಯುವ ಯಂತ್ರವಿದೆ, ದಾಖಲೆಯ ಪುಸ್ತಕವಿದೆ. ಬಲೆಯನ್ನು ಕೂದಲೆಳೆಯಷ್ಟು ಅಂತರದಲ್ಲಿ ದಾಟಿದ ಸರ್ವ್‌ಗೆ ಯಾವ ಪುಸ್ತಕವೂ ಇಲ್ಲ.

2018ರಲ್ಲಿ ಹೆಂಡ್ರಾ ಮತ್ತು ಅಹ್ಸಾನ್ ಮತ್ತೆ ಒಂದಾದರು. ಆ ವೇಳೆಗೆ ಇವರು ‘ಡ್ಯಾಡೀಸ್’, ಅಂದರೆ ಅಪ್ಪಂದಿರು, ಎಂಬ ಹೆಸರಿನಿಂದ ಪ್ರಸಿದ್ಧರಾಗತೊಡಗಿದ್ದರು. ವೇಗವೇ ಪ್ರಾಣವಾದ ಪುರುಷರ ಡಬಲ್ಸಿನಲ್ಲಿ ಮೂವತ್ತು ದಾಟಿದವರಿಗೆ ಉಳಿಗಾಲವಿಲ್ಲವೆಂಬುದು ರೂಢಿಯ ಮಾತು. 2019ರಲ್ಲಿ ಈ ಮಾತು ಸುಳ್ಳಾಯಿತು. ಮಾರ್ಚಿಯಲ್ಲಿ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯವನ್ನು ಹೆಂಡ್ರಾ ಅವರು ಮೀನಖಂಡದ ನೋವಿನೊಡನೆ ಆಡಿದರು. ಮೊದಲ ಆಟ 11–21ರಿಂದ ಹೋಯಿತು. ಅಂಕಣದ ಹೆಚ್ಚಿನ ಭಾಗವನ್ನು ಅಹ್ಸಾನ್ ಓಡಿ ಕಾಪಾಡಿದರು. ಹೆಂಡ್ರಾ ಕಾಲಿನ ಕೊರತೆಯನ್ನು ಕೈಯಿಂದ ತುಂಬಿದರು. ಉಳಿದ ಎರಡು ಆಟಗಳು 21–14, 21–12. ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜಪಾನಿನ ಜೋಡಿಯನ್ನು 25–23, 9–21, 21–15ರಿಂದ ಸೋಲಿಸಿ ಇಬ್ಬರೂ ಮೂರನೆಯ ಬಾರಿಗೆ ಜೊತೆಯಾಗಿ ವಿಶ್ವ ಚಾಂಪಿಯನ್ನರಾದರು. ಹೆಂಡ್ರಾ ಅವರಿಗೆ ಇದು ನಾಲ್ಕನೆಯ ವಿಶ್ವ ಪ್ರಶಸ್ತಿ. ಅಂದು ಆಗಸ್ಟ್ 25. ಅವರಿಗೆ ಮೂವತ್ತೈದು ತುಂಬಿದ ದಿನ.

ಇಷ್ಟಾದರೂ ಜಗತ್ತು ಡಬಲ್ಸಿಗೆ ಕಟ್ಟುವ ಬೆಲೆ ಏನು? 2019ರ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಒಟ್ಟು ಬಹುಮಾನ ಹತ್ತು ಲಕ್ಷ ಡಾಲರ್. ಸಿಂಗಲ್ಸ್ ಗೆದ್ದವರಿಗೆ 70,000 ಡಾಲರ್ ಸಂದಿತು. ಡಬಲ್ಸ್ ಗೆದ್ದ ಜೋಡಿಗೆ 74,000. ಹಂಚಿಕೊಂಡರೆ ತಲಾ 37,000. ಸಿಂಗಲ್ಸ್ ಆಟಗಾರ ಇಡೀ ಅಂಕಣವನ್ನು ಒಬ್ಬನೇ ಕಾಯುತ್ತಾನೆ, ಅವನ ದೇಹಕ್ಕೆ ಶ್ರಮ ಹೆಚ್ಚು ಎಂಬುದು ನಿಜವೇ. ಆದರೆ ಅಭ್ಯಾಸದ ವರ್ಷಗಳು ಇಬ್ಬರಿಗೂ ಒಂದೇ, ಪ್ರಯಾಣದ ಖರ್ಚು ಒಂದೇ, ಮುರಿದ ಮೂಳೆಯ ನೋವು ಒಂದೇ. ಇಬ್ಬರನ್ನು ಸೇರಿಸಿ ಒಬ್ಬನೆಂದು ಎಣಿಸುವ ಈ ಲೆಕ್ಕ ನ್ಯಾಯವಾದುದೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ.

ಭಾರತದಲ್ಲಿಯೂ ಈ ತಾರತಮ್ಯ ಬಹುಕಾಲದಿಂದ ನಡೆದು ಬಂದಿದೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಉಣ್ಣೆಯ ಚೆಂಡಿನಿಂದ ಆಡುವ ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಪಕ್ಷಕ್ಕೆ ಐವರು ಇರುತ್ತಾರೆ. ಮುಂದಿನವರು, ಹಿಂದಿನವರು ಎಂಬ ಕೆಲಸದ ಹಂಚಿಕೆಯ ಅರಿವು ಅಲ್ಲಿನ ಜನಕ್ಕೆ ಸಹಜವಾಗಿಯೇ ಇದೆ. ಷಟಲಿನ ಆಟಕ್ಕೆ ಬಂದಾಗ ಮಾತ್ರ ಎಲ್ಲರಿಗೂ ತಾವು ಏಕಾಂಗಿ ವೀರರಾಗುವ ಆಸೆ. ಶಾಲೆಯ ತಂಡವನ್ನು ಆರಿಸುವಾಗಲೂ ಚೆನ್ನಾಗಿ ಆಡುವ ಹುಡುಗನನ್ನೋ ಹುಡುಗಿಯನ್ನೋ ಸಿಂಗಲ್ಸಿಗೆ ಕಳುಹಿಸಿ, ಉಳಿದವರನ್ನು ಡಬಲ್ಸಿಗೆ ಸೇರಿಸುವುದು ವಾಡಿಕೆ. ಇತಿಹಾಸ ಹೇಳುವುದೇ ಬೇರೆ. 1983ರಲ್ಲಿ ಪ್ರಕಾಶ್ ಪಡುಕೋಣೆಯವರು ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು ಗೆದ್ದ ಮೇಲೆ ಭಾರತ ಮುಂದಿನ ಪದಕಕ್ಕಾಗಿ ಇಪ್ಪತ್ತೆಂಟು ವರ್ಷ ಕಾಯಬೇಕಾಯಿತು. 2011ರಲ್ಲಿ ಅದನ್ನು ತಂದವರು ಕರ್ನಾಟಕದ ಅಶ್ವಿನಿ ಪೊನ್ನಪ್ಪ ಮತ್ತು ಹೈದರಾಬಾದಿನ ಜ್ವಾಲಾ ಗುಟ್ಟಾ. ಅದು ಮಹಿಳೆಯರ ಡಬಲ್ಸಿನಲ್ಲಿ ಬಂದ ಕಂಚು.

ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಮತ್ತು ಚಿರಾಗ್ ಶೆಟ್ಟಿ ಅವರ ಕಥೆ ಇನ್ನೂ ಸ್ವಾರಸ್ಯವಾದುದು. ಇಬ್ಬರೂ ಹಿಂಭಾಗದಿಂದ ಬಾರಿಸಿ ಬೆಳೆದವರೇ. ಮಲೇಷ್ಯಾದ ತರಬೇತುದಾರ ತಾನ್ ಕಿಮ್ ಹರ್ ಅವರು ಇವರನ್ನು ಜೋಡಿ ಮಾಡಿದಾಗ ಬಲೆಯ ಬಳಿಯ ಆಟವನ್ನು ಹೊಸದಾಗಿ ಕಲಿಯಬೇಕಾಯಿತು. 2023ರಲ್ಲಿ ಸಾತ್ವಿಕ್ ಅವರ ಸ್ಮ್ಯಾಷ್ ಗಂಟೆಗೆ 565 ಕಿಲೋಮೀಟರ್ ವೇಗವನ್ನು ಮುಟ್ಟಿ ತಾನ್ ಬೂನ್ ಹಿಯಾಂಗ್ ಅವರ ದಾಖಲೆಯನ್ನು ಮುರಿದಾಗ ಪತ್ರಿಕೆಗಳು ಅದನ್ನು ಸಂಭ್ರಮದಿಂದ ಬರೆದವು. ಅದಕ್ಕೂ ಮುಂಚೆ, 2022ರ ಜನವರಿಯಲ್ಲಿ, ದೆಹಲಿಯ ಇಂಡಿಯಾ ಓಪನ್ ಅಂತಿಮ ಪಂದ್ಯದಲ್ಲಿ ಈ ತರುಣರು ಹೆಂಡ್ರಾ ಮತ್ತು ಅಹ್ಸಾನ್ ಅವರನ್ನು 21–16, 26–24ರಿಂದ ಸೋಲಿಸಿದ್ದರು. ಮೂವತ್ತೇಳರ ಹೆಂಡ್ರಾ ಅವರ ಎದುರಿಗಿದ್ದ ಸಾತ್ವಿಕ್ ಅವರಿಗೆ ಇಪ್ಪತ್ತೊಂದು, ಚಿರಾಗ್ ಅವರಿಗೆ ಇಪ್ಪತ್ತನಾಲ್ಕು. ಎರಡನೆಯ ಆಟ 26ರವರೆಗೆ ಎಳೆದದ್ದನ್ನು ನೋಡಿದರೆ ಹಿರಿಯರು ಎಷ್ಟು ಸುಲಭವಾಗಿ ಬಿಟ್ಟುಕೊಟ್ಟರೆಂಬುದು ತಿಳಿಯುತ್ತದೆ!

ಈ ನಡುವೆ ಒಂದು ಆಘಾತ ಒದಗಿತ್ತು. 2021ರ ಜೂನ್ 14ರಂದು ಮಾರ್ಕಿಸ್ ಕೀಡೊ ಅವರು ಜಕಾರ್ತಾದ ಬಳಿಯ ತಾಂಗೆರಾಂಗ್‌ನಲ್ಲಿ ಬ್ಯಾಡ್ಮಿಂಟನ್ ಆಡುತ್ತಿರುವಾಗಲೇ ಕುಸಿದು ತೀರಿಕೊಂಡರು. ಅವರಿಗೆ ಮೂವತ್ತಾರು ವರ್ಷ. ಆರು ವಾರ ಕಳೆಯುವಷ್ಟರಲ್ಲಿ ಹೆಂಡ್ರಾ ಅವರು ಟೋಕಿಯೋ ಒಲಿಂಪಿಕ್ಸಿನ ಅಂಕಣದಲ್ಲಿದ್ದರು. ಅಲ್ಲಿ ಅವರೂ ಅಹ್ಸಾನ್ ಅವರೂ ಕಂಚಿನ ಪದಕದ ಪಂದ್ಯದಲ್ಲಿ ಮೊದಲ ಆಟವನ್ನು ಗೆದ್ದು, ಉಳಿದ ಎರಡನ್ನು ಮಲೇಷ್ಯಾದ ತರುಣರಿಗೆ ಬಿಟ್ಟುಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಇಂಡೊನೇಷ್ಯ ಹತ್ತೊಂಬತ್ತು ವರ್ಷಗಳ ನಂತರ ಥಾಮಸ್ ಕಪ್ಪನ್ನು ಗೆದ್ದಿತು. ತಂಡದ ನಾಯಕರು ಹೆಂಡ್ರಾ. ಚೀನಾದ ಎದುರು 3–0ರಲ್ಲಿ ಮುಗಿದ ಅಂತಿಮ ಹಣಾಹಣಿಯಲ್ಲಿ ಅವರು ರಾಕೆಟ್ ಹಿಡಿಯಲೇ ಇಲ್ಲ. ಅಂಕಣದ ಪಕ್ಕದಲ್ಲಿ ಕುಳಿತು ಕಿರಿಯರನ್ನು ಹುರಿದುಂಬಿಸಿದರು.

2022ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ, 2022 ಹಾಗೂ 2023ರಲ್ಲಿ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯಗಳು: ಮೂರರಲ್ಲಿಯೂ ಸೋಲು. ಆಲ್ ಇಂಗ್ಲೆಂಡಿನಲ್ಲಿ ಎರಡು ಸಲವೂ ಗೆದ್ದವರು ಅವರದೇ ದೇಶದ ಕಿರಿಯ ಜೋಡಿಗಳು. 2023ರ ಆ ಪಂದ್ಯ ಮುಗಿಯುವ ಹಂತದಲ್ಲಿ ಅಹ್ಸಾನ್ ಅವರ ಮೊಣಕಾಲಿಗೆ ಪೆಟ್ಟಾಯಿತು. ಆಟವನ್ನು ಅಲ್ಲಿಗೇ ಬಿಟ್ಟು ಹೊರಬರುವ ಅವಕಾಶವಿದ್ದರೂ ಅವರು ಕುಂಟುತ್ತಲೇ ಉಳಿದ ಅಂಕಗಳನ್ನು ಆಡಿದರು. ಮೂವತ್ತೆಂಟರ ಹೆಂಡ್ರಾ ಅವರು ಜೊತೆಗೇ ನಿಂತು ಪಂದ್ಯವನ್ನು ಕೊನೆ ಮುಟ್ಟಿಸಿದರು.

2024ರ ಕೊನೆಯಲ್ಲಿ ಹೆಂಡ್ರಾ ಅವರು ನಿವೃತ್ತಿಯ ನಿರ್ಧಾರವನ್ನು ಪ್ರಕಟಿಸಿದರು. ಅಹ್ಸಾನ್ ಅವರಿಗೆ ಮೂರು ವರ್ಷ ವಯಸ್ಸು ಕಡಿಮೆ. ಬೇರೊಬ್ಬರನ್ನು ಕೂಡಿಕೊಂಡು ಆಡುವುದು ಅವರಿಗೆ ಅಸಾಧ್ಯವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. 2025ರ ಜನವರಿಯಲ್ಲಿ, ಹತ್ತು ವರ್ಷಗಳ ಹಿಂದೆ ತಾವು ವಿಶ್ವ ಪ್ರಶಸ್ತಿಯನ್ನು ಗೆದ್ದಿದ್ದ ಜಕಾರ್ತಾದ ಇಸ್ತೋರಾ ಸೆನಾಯನ್ ಕ್ರೀಡಾಂಗಣದಲ್ಲಿ, ಇಂಡೊನೇಷ್ಯ ಮಾಸ್ಟರ್ಸ್ ಪಂದ್ಯಾವಳಿಯೊಡನೆ ಇಬ್ಬರೂ ಒಟ್ಟಿಗೆ ಆಟಕ್ಕೆ ವಿದಾಯ ಹೇಳಿದರು.